ಅಂಕ ಜಾಸ್ತಿ ಇದ್ದರೆ ಸಾಕಾ? ಮೊದಲ ಸಲದ ಹಾಸ್ಟೆಲ್ ಹೀಗೆ ಆರಿಸಿ

ಪ್ರಶ್ನೆ: ನನಗೆ 26 ವರ್ಷ. ಮೊದಲ ಸಲ ಒಬ್ಬಳೇ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಮೂರು ವಾರ ಸುತ್ತಲು ಹೊರಟಿದ್ದೇನೆ. ಹೋಟೆಲ್ ಖರ್ಚು ನನ್ನ ಕೈಲಾಗುವುದಿಲ್ಲ, ಹಾಗಾಗಿ ಪ್ರವಾಸಿಗರ ಹಾಸ್ಟೆಲ್, ಕೋಣೆಯ ಬದಲು ಒಂದು ಹಾಸಿಗೆ ಮಾತ್ರ ಬಾಡಿಗೆಗೆ ಸಿಗುವಂಥದ್ದು. ಮೊದಲ ಊರಿನಲ್ಲಿ ಎರಡು ಕಡೆ ನೋಡಿಟ್ಟಿದ್ದೇನೆ. ಬುಕಿಂಗ್ ತಾಣದಲ್ಲಿ ಒಂದಕ್ಕೆ ಹತ್ತರಲ್ಲಿ 9.3 ಅಂಕ. 12 ಹಾಸಿಗೆಯ ಮಿಕ್ಸೆಡ್ ಡಾರ್ಮ್ (ಗಂಡಸರೂ ಹೆಂಗಸರೂ ಒಟ್ಟಿಗೆ ಮಲಗುವ ದೊಡ್ಡ ಕೋಣೆ), ಕೆಳಗೇ ಬಾರ್, ದಿನಾ ಸಂಜೆ ಏನಾದರೊಂದು ಕಾರ್ಯಕ್ರಮ. ಇನ್ನೊಂದಕ್ಕೆ 8.5. ಆರು ಹಾಸಿಗೆಯ ಹೆಂಗಸರ ಡಾರ್ಮ್, ಊರ ನಡುವಿನಿಂದ ಸ್ವಲ್ಪ ದೂರ. ‘ತುಂಬಾ ಬೋರಿಂಗ್’ ಅಂತ ಕೆಲವರು ಬರೆದಿದ್ದಾರೆ. ನನ್ನದು ಎಚ್ಚರದ ನಿದ್ದೆ, ಸಣ್ಣ ಸದ್ದಿಗೂ ಏಳುತ್ತೇನೆ. ಹೊಸಬರ ಜೊತೆ ಬೆರೆಯುವ ಆಸೆ ಇದೆ, ಸಂಕೋಚವೂ ಇದೆ. ಕಳ್ಳತನ ಆಗುತ್ತೆ, ತಿಗಣೆ ಹತ್ತುತ್ತೆ, ಗುರುತಿಲ್ಲದವರ ಜೊತೆ ಹೇಗೆ ಮಲಗ್ತೀಯ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ವಿಮಾನ ಇಳಿಯುವುದು ರಾತ್ರಿ ಹತ್ತೂವರೆಗೆ. ಯಾವುದನ್ನು ಆರಿಸಲಿ? ಮೂರೂ ವಾರದ್ದು ಈಗಲೇ ಬುಕ್ ಮಾಡಿಬಿಡಲಾ?

ಉತ್ತರ: ನಿಮ್ಮನ್ನು ಕಾಯಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. 8.5 ಅಂಕದ್ದನ್ನು ಆರಿಸಿ. ಅದನ್ನೂ ಮೊದಲ ಎರಡು ರಾತ್ರಿಗೆ ಮಾತ್ರ ಬುಕ್ ಮಾಡಿ. ಆದರೆ ಹಣ ಕಟ್ಟುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ರಾತ್ರಿ ಹನ್ನೆರಡರ ಹೊತ್ತಿಗೆ ನೀವು ಬಾಗಿಲು ತಟ್ಟಿದರೆ ತೆಗೆಯಲು ಅಲ್ಲಿ ಯಾರಾದರೂ ಇರುತ್ತಾರಾ?

ಇನ್ನು ಕಾರಣಗಳು.

ನಿಮ್ಮ ಪತ್ರದಲ್ಲಿ ಭಯಗಳು ಬೇರೆ ಬೇರೆಯವರಿಂದ ಬಂದಿವೆ. ಕಳ್ಳತನ, ತಿಗಣೆ, ಗುರುತಿಲ್ಲದವರು: ಇವು ಮನೆಯವರ ಭಯ. ಎಚ್ಚರದ ನಿದ್ದೆ, ಸಂಕೋಚ: ಇವು ನಿಮ್ಮವು, ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನಾನು ಹಾಸ್ಟೆಲ್ ರಿಸೆಪ್ಶನ್‌ನಲ್ಲಿ ಕೂತು ಕೆಲಸ ಮಾಡಿದ್ದೇನೆ, ಆಮೇಲೆ ಹಾಸ್ಟೆಲ್ ನಡೆಸಿದ್ದೇನೆ. ಮೊದಲ ಸಲ ಬಂದವರು ನಡುವಿನಲ್ಲೇ ಖಾಲಿ ಮಾಡಿ ಹೋಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಸಾಮಾನು ಕಳುವಾಗಿರಲಿಲ್ಲ. ಅವರಿಗೆ ನಿದ್ದೆ ಆಗಿರಲಿಲ್ಲ, ಅಷ್ಟೇ. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲದಿದ್ದರೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ, ಪರ್ಸ್ ಎಲ್ಲಿಟ್ಟೆ ಅನ್ನುವುದೂ ನೆನಪಿರುವುದಿಲ್ಲ. ಹಾಗಾಗಿ ನೀವು ಒಂದು ಸಾಲಿನಲ್ಲಿ ಬರೆದ ಆ ನಿದ್ದೆಯ ಮಾತನ್ನೇ ನಾನು ಮೊದಲು ಹಿಡಿದುಕೊಳ್ಳುತ್ತೇನೆ.

ಈಗ ಅಂಕದ ವಿಷಯ. 9.3 ಅನ್ನುವುದು 8.5ಕ್ಕಿಂತ ಜಾಸ್ತಿ, ಸರಿ. ಆದರೆ ಆ ಅಂಕ ಕೊಟ್ಟವರು ಯಾರು? ಕೆಳಗೆ ಬಾರ್ ಇರುವ ಹಾಸ್ಟೆಲನ್ನು ಬಾರ್ ಬೇಕೆನ್ನುವವರೇ ಆರಿಸುತ್ತಾರೆ. ಅವರಿಗೆ ಬೇಕಾದದ್ದು ಸಿಗುತ್ತದೆ, ಖುಷಿಯಿಂದ ಹತ್ತಕ್ಕೆ ಹತ್ತು ಕೊಟ್ಟು ಹೋಗುತ್ತಾರೆ. ನಿಮ್ಮಂತೆ ಸಣ್ಣ ಸದ್ದಿಗೆ ಏಳುವವರು ಅಲ್ಲಿಗೆ ಹೋಗುವುದೇ ಕಡಿಮೆ, ಹಾಗಾಗಿ ಅವರ ಅಭಿಪ್ರಾಯ ಆ ಅಂಕದಲ್ಲಿ ಸೇರಿಯೇ ಇಲ್ಲ. ‘ಬೋರಿಂಗ್’ ಎಂದು ಬರೆದವರ ಕಥೆಯೂ ಇದೇ. ರಾತ್ರಿ ಒಂದರವರೆಗೆ ಕುಣಿಯಲು ಬಂದವರಿಗೆ ಹನ್ನೊಂದಕ್ಕೆ ದೀಪ ಆರಿಸುವ ಜಾಗ ಬೋರ್ ಹೊಡೆಸುತ್ತದೆ. ನಿಮಗೆ ಅದು ಹೊಗಳಿಕೆಯ ಮಾತು ಅಲ್ವಾ?

ಒಟ್ಟು ಅಂಕವನ್ನು ಬಿಟ್ಟು ಅದರ ಒಳಗೆ ಇಳಿಯಿರಿ. ಹಾಸ್ಟೆಲ್‌ವರ್ಲ್ಡ್‌ನಂಥ ಬುಕಿಂಗ್ ತಾಣದಲ್ಲಿ ಭದ್ರತೆ, ಸ್ವಚ್ಛತೆ, ಸಿಬ್ಬಂದಿ, ಸ್ಥಳ, ವಾತಾವರಣ, ಸೌಲಭ್ಯ, ಕೊಟ್ಟ ಹಣಕ್ಕೆ ತಕ್ಕ ಮೌಲ್ಯ ಎಂದು ಬೇರೆ ಬೇರೆ ಅಂಕ ಇರುತ್ತವೆ. ಭದ್ರತೆ ಮತ್ತು ಸ್ವಚ್ಛತೆ ಎರಡೂ 9ರ ಮೇಲಿದ್ದು, ವಾತಾವರಣ ಒಂದೇ 7ಕ್ಕೆ ಇಳಿದು ಒಟ್ಟು ಅಂಕವನ್ನು ಎಳೆದಿದ್ದರೆ ನಿಮ್ಮಂಥವರು ಕಣ್ಣು ಮುಚ್ಚಿ ಹೋಗಬಹುದು. ತಿರುಗಾಮುರುಗಾ ಇದ್ದರೆ, ಅಂದರೆ ವಾತಾವರಣ ಮೇಲೆ, ಸ್ವಚ್ಛತೆ ಕೆಳಗೆ ಇದ್ದರೆ, ಒಟ್ಟು ಅಂಕ ಎಷ್ಟೇ ಇರಲಿ ನಾನು ಬಿಟ್ಟುಬಿಡುತ್ತೇನೆ.

ಆಮೇಲೆ ಕಡಿಮೆ ಅಂಕ ಕೊಟ್ಟವರ ಬರಹಗಳನ್ನು ಮೊದಲು ಓದಿ. ಒಬ್ಬರು ಸಿಟ್ಟಿನಲ್ಲಿ ಬರೆದದ್ದಕ್ಕೆ ಬೆಲೆ ಕೊಡಬೇಡಿ. ಒಂದೇ ದೂರನ್ನು ಬೇರೆ ಬೇರೆ ತಿಂಗಳಲ್ಲಿ ಬಂದ ಮೂರು ಜನ ಹೇಳುತ್ತಿದ್ದರೆ ನಂಬಿ. ‘ಬಿಸಿನೀರು ಬರಲಿಲ್ಲ’ ಅನ್ನುವುದು ಒಂದು ದಿನದ ತೊಂದರೆ ಇರಬಹುದು. ‘ಲಾಕರ್ ಬಾಗಿಲು ಕಿತ್ತು ಬಂದಿದೆ’ ಎಂದು ಜನವರಿಯಲ್ಲೂ ಏಪ್ರಿಲ್‌ನಲ್ಲೂ ಬಂದಿದ್ದರೆ ಅಲ್ಲಿ ಯಾರೂ ಗಮನ ಕೊಡುತ್ತಿಲ್ಲ ಅಂತಲೇ ಅರ್ಥ.

ಕಳೆದ ಮೂರ್ನಾಲ್ಕು ತಿಂಗಳ ಬರಹಕ್ಕೆ ಹೆಚ್ಚು ತೂಕ ಕೊಡಿ. ಇದಕ್ಕೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ಕಾರಣ ಇದೆ. ತುಂಬಾ ಹಾಸ್ಟೆಲ್‌ಗಳಲ್ಲಿ ರಿಸೆಪ್ಶನ್ ನೋಡಿಕೊಳ್ಳುವವರು, ಹಾಸಿಗೆ ಹಾಸುವವರು ಸಂಬಳದ ನೌಕರರಲ್ಲ. ದಿನಕ್ಕೆ ಕೆಲವು ಗಂಟೆ ದುಡಿದು ಅದಕ್ಕೆ ಬದಲಾಗಿ ಹಾಸಿಗೆ ಪಡೆಯುವ ಪ್ರವಾಸಿಗರು ಅವರು. ಒಂದೆರಡು ತಿಂಗಳಿಗೆ ಬದಲಾಗುತ್ತಲೇ ಇರುತ್ತಾರೆ. ಎರಡು ವರ್ಷದ ಹಿಂದೆ ‘ಸಿಬ್ಬಂದಿ ಬಂಗಾರದಂಥವರು’ ಎಂದು ಹೊಗಳಿಸಿಕೊಂಡವರು ಈಗ ಅಲ್ಲಿ ಇರುವುದೇ ಇಲ್ಲ. ಮ್ಯಾನೇಜರ್ ಒಬ್ಬರು ಗಟ್ಟಿ ಇದ್ದರೆ ಜನ ಬದಲಾದರೂ ಶಿಸ್ತು ಉಳಿಯುತ್ತದೆ. ಅದನ್ನು ಪತ್ತೆ ಹಚ್ಚಲು ದೂರುಗಳಿಗೆ ಹಾಸ್ಟೆಲ್ ಕೊಟ್ಟ ಉತ್ತರ ಓದಿ. ‘ಆ ಕೋಣೆ ಮುಚ್ಚಿದೆವು, ಸರಿಪಡಿಸಿದೆವು’ ಅನ್ನುವ ಉತ್ತರಕ್ಕೂ ‘ನಿಮ್ಮಂಥವರು ಹೋಟೆಲ್‌ಗೆ ಹೋಗಿ’ ಅನ್ನುವ ಉತ್ತರಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಅಲ್ಲಿ ನಿಮಗೇನಾದರೂ ತೊಂದರೆಯಾದರೆ ಸಿಗುವುದೂ ಅದೇ ಉತ್ತರ.

ಫೋಟೋಗಳಲ್ಲಿ ಹಾಸ್ಟೆಲ್ ಹಾಕಿದ್ದಕ್ಕಿಂತ ತಂಗಿದವರು ಹಾಕಿದ್ದನ್ನು ನೋಡಿ. ಗೋಡೆಯ ಚಿತ್ರ, ತೂಗುಯ್ಯಾಲೆ, ಛಾವಣಿಯ ಮೇಲಿನ ದೀಪಮಾಲೆ ನಿಮಗೆ ಬೇಡ. ಹಾಸಿಗೆಗೆ ಪರದೆ ಇದೆಯಾ? ತಲೆಯ ಹತ್ತಿರ ಸ್ವಂತ ದೀಪ, ಸ್ವಂತ ಪ್ಲಗ್ ಇದೆಯಾ? ಲಾಕರ್‌ನಲ್ಲಿ ಇಡೀ ಬ್ಯಾಗ್ ಹಿಡಿಸುತ್ತದಾ, ಅಥವಾ ಪರ್ಸ್ ಮಾತ್ರವಾ? ಎರಡು ಬಂಕ್‌ಗಳ, ಅಂದರೆ ಒಂದರ ಮೇಲೊಂದು ಹಾಸಿಗೆ ಇರುವ ಮಂಚಗಳ, ನಡುವೆ ಒಬ್ಬರು ನಿಂತು ಬಟ್ಟೆ ಮಡಚುವಷ್ಟಾದರೂ ಜಾಗ ಇದೆಯಾ? ನನ್ನ ಮಟ್ಟಿಗೆ ಪರದೆಗಿಂತ ದೊಡ್ಡ ಸೌಲಭ್ಯ ಡಾರ್ಮ್‌ನಲ್ಲಿ ಇನ್ನೊಂದಿಲ್ಲ. ನಡುರಾತ್ರಿ ಬಂದವರು ಮೊಬೈಲ್ ಟಾರ್ಚ್ ಹಾಕಿದರೂ ಬೆಳಕು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಸರಿಮಾಡಿಕೊಳ್ಳಲು ಬಾತ್‌ರೂಮಿಗೆ ಓಡಬೇಕಿಲ್ಲ. ಸಂಕೋಚ ಇರುವವರಿಗೆ ಯಾರೂ ನೋಡದ ಒಂದು ಮೂಲೆ ಸಿಕ್ಕಿದ ಹಾಗೆ.

ಹಾಸಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇದೆ. ಅದು ಅರ್ಧ ಮಾತ್ರ ನಿಜ. 12 ಜನ ಇದ್ದ ಕಡೆ ಬರುವವರು, ಹೋಗುವವರು, ಅಲಾರಂ ಇಟ್ಟವರು, ಗೊರಕೆ ಹೊಡೆಯುವವರು ಜಾಸ್ತಿ, ಇದು ಸರಳ ಲೆಕ್ಕ. ಆದರೆ ನಾಲ್ಕು ಹಾಸಿಗೆಯ ಕೋಣೆಯಲ್ಲಿ ಮೂವರು ಸ್ನೇಹಿತೆಯರು ಒಟ್ಟಿಗೆ ಬಂದಿದ್ದರೆ ನಾಲ್ಕನೆಯವರಾದ ನೀವು ಅವರ ಕೋಣೆಗೆ ನುಗ್ಗಿದ ಹಾಗೆ ಅನ್ನಿಸುತ್ತದೆ. ಪರದೆ ಇರುವ ಎಂಟು ಹಾಸಿಗೆಯ ಡಾರ್ಮ್ ಪರದೆ ಇಲ್ಲದ ನಾಲ್ಕರದ್ದಕ್ಕಿಂತ ಎಷ್ಟೋ ವಾಸಿ. ಆರು ಅನ್ನುವುದು ಒಳ್ಳೆಯ ಸಂಖ್ಯೆ. ಸಿಕ್ಕರೆ ಬಾಗಿಲಿನಿಂದ ದೂರದ ಕೆಳಗಿನ ಹಾಸಿಗೆ ಕೇಳಿ. ರಾತ್ರಿ ಎದ್ದು ಹೋಗಲು ಸುಲಭ, ಏಣಿಯ ಕಿರಿಕಿರಿ ಇಲ್ಲ. ಬುಕ್ ಮಾಡುವಾಗಲೇ ಒಂದು ಸಾಲು ಬರೆದು ಕೇಳಿದರೆ ಎಷ್ಟೋ ಕಡೆ ಕೊಡುತ್ತಾರೆ.

ಕಿವಿಗೆ ಫೋಮಿನ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ ಇಲ್ಲದೆ ಹೊರಡಲೇಬೇಡಿ. ಇಯರ್‌ಪ್ಲಗ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಯಲ್ಲಿ ಸುಮ್ನೆ ತುರುಕಿರುತ್ತಾರೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ಬಿಡಿ. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ಮನೆಯಲ್ಲೇ ಒಂದು ವಾರ ಹಾಕಿ ಮಲಗಿ ಅಭ್ಯಾಸ ಮಾಡಿಕೊಳ್ಳಿ.

ಮಿಕ್ಸೆಡ್ ಡಾರ್ಮ್ ಅಂದರೆ ಅಪಾಯ ಅಂತ ನಾನು ಹೇಳುವುದಿಲ್ಲ. ಹೆಚ್ಚಿನ ರಾತ್ರಿಗಳು ಅಲ್ಲಿ ಏನೂ ಆಗದೆ ಕಳೆಯುತ್ತವೆ. ಹಾಗೆಯೇ ಹೆಂಗಸರ ಡಾರ್ಮ್ ಅಂದಕೂಡಲೇ ನಿಶ್ಶಬ್ದ, ಶುಚಿ ಅಂದುಕೊಳ್ಳಬೇಡಿ. ಬೆಳಗ್ಗೆ ಐದಕ್ಕೆ ಪ್ಲಾಸ್ಟಿಕ್ ಚೀಲ ಪರಪರ ಅನ್ನಿಸುವವರು ಅಲ್ಲೂ ಇರುತ್ತಾರೆ. ಆದರೂ ಮೊದಲ ರಾತ್ರಿ ನೀವು ನಿಶ್ಚಿಂತೆಯಿಂದ ಮಲಗುವುದು ಮುಖ್ಯ. ಅದಕ್ಕೆ ಹೆಂಗಸರ ಡಾರ್ಮ್ ಸಹಾಯ ಮಾಡುವುದಾದರೆ ಅದನ್ನೇ ತೆಗೆದುಕೊಳ್ಳಿ. ಧೈರ್ಯ ತೋರಿಸಲು ಬೇರೆ ಜಾಗಗಳಿವೆ. ಯಾವ ಡಾರ್ಮ್‌ನಲ್ಲೇ ಆಗಲಿ, ಯಾರಾದರೂ ನಿಮಗೆ ಕಸಿವಿಸಿ ಮಾಡಿದರೆ ರಿಸೆಪ್ಶನ್‌ಗೆ ಹೋಗಿ ‘ನನಗೆ ಬೇರೆ ಹಾಸಿಗೆ ಬೇಕು’ ಅನ್ನಿ. ಸಾಕ್ಷಿ, ವಿವರಣೆ ಏನೂ ಬೇಡ. ನಾವು ಅದನ್ನು ಮಾಮೂಲಿ ಕೆಲಸ ಎಂದೇ ನೋಡುತ್ತೇವೆ.

ಕಳ್ಳತನದ ಬಗ್ಗೆ ಮನೆಯವರ ಭಯಕ್ಕೆ ಬರೋಣ. ಹಾಸ್ಟೆಲ್‌ನಲ್ಲಿ ಕಳುವಾಗುತ್ತದೆ, ಸುಳ್ಳಲ್ಲ. ಆದರೆ ಯಾರೋ ಬೀಗ ಒಡೆದು ಹೊತ್ತೊಯ್ಯುವುದು ಅಪರೂಪ. ನನ್ನ ಬಳಿ ಬಂದ ದೂರುಗಳು ಬಹುತೇಕ ಒಂದೇ ತರಹದವು. ಅಡುಗೆಮನೆಯ ಪ್ಲಗ್‌ಗೆ ಚಾರ್ಜ್ ಹಾಕಿ ಬಿಟ್ಟ ಫೋನು. ‘ಎರಡೇ ನಿಮಿಷ’ ಎಂದು ಲಾಕರ್ ತೆರೆದಿಟ್ಟು ಸ್ನಾನಕ್ಕೆ ಹೋದದ್ದು. ಹೊರಡುವ ದಿನ ಎಲ್ಲರ ಬ್ಯಾಗ್ ಇಡುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಊರು ನೋಡಲು ಹೋದದ್ದು. ಈ ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಚೆಕ್-ಔಟ್ ಹತ್ತು ಹನ್ನೊಂದಕ್ಕೆ ಇರುತ್ತದೆ, ಬಸ್ಸು ರಾತ್ರಿಗೆ. ಅಷ್ಟು ಹೊತ್ತು ಬ್ಯಾಗ್ ಇಡುವ ಕೋಣೆಗೆ ಎಷ್ಟೋ ಕಡೆ ಯಾರು ಬೇಕಾದರೂ ಹೋಗಿ ಬರಬಹುದು. ಪಾಸ್‌ಪೋರ್ಟ್, ಹಣ, ಲ್ಯಾಪ್‌ಟಾಪ್ ಚಿಕ್ಕ ಚೀಲದಲ್ಲಿ ನಿಮ್ಮ ಜೊತೆಗೇ ಇರಲಿ.

ಲಾಕರ್ ಇದೆ ಎಂದು ಬರೆದಿದ್ದರೆ ಬೀಗವೂ ಇರುತ್ತದೆ ಎಂದುಕೊಳ್ಳಬೇಡಿ. ಬೀಗ ನೀವೇ ತರಬೇಕು, ಅಥವಾ ಅಲ್ಲಿ ಬಾಡಿಗೆಗೆ ಪಡೆಯಬೇಕು. ನಂಬರ್ ಬೀಗವೇ ಒಳ್ಳೆಯದು. ಕೀಲಿ ಇದ್ದರೆ ಸ್ನಾನಕ್ಕೆ ಹೋಗುವಾಗ ಅದನ್ನೆಲ್ಲಿಡುವುದು ಅನ್ನುವ ತಲೆನೋವು ಬೇರೆ. ಬೀಗದ ಕೊಂಡಿ ತೀರಾ ದಪ್ಪ ಇದ್ದರೆ ಲಾಕರ್‌ನ ತೂತಿನಲ್ಲಿ ಹೋಗುವುದಿಲ್ಲ, ತೀರಾ ಗಿಡ್ಡ ಇದ್ದರೆ ಸುತ್ತಿ ಬರುವುದಿಲ್ಲ. ಮಧ್ಯಮ ದಪ್ಪದ, ಸ್ವಲ್ಪ ಉದ್ದ ಕೊಂಡಿಯದ್ದು ಹೆಚ್ಚಿನ ಕಡೆ ಆಗುತ್ತದೆ.

ತಿಗಣೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆಯೇ ಜಾಸ್ತಿ. ತಿಗಣೆ ಕೊಳಕಿಗೆ ಹುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಅಡಗಲು ಒಂದು ಸಂದಿ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಪ್ರವಾಸಿಗರ ಬ್ಯಾಗ್, ಬಟ್ಟೆಯಲ್ಲಿ ಕೂತು ಊರಿಂದೂರಿಗೆ ಹೋಗುತ್ತದೆ. ಹಾಗಾಗಿ ದಿನಾ ಜನ ಬದಲಾಗುವ ಯಾವ ಜಾಗಕ್ಕೂ ಅದು ಬರಬಹುದು, ದುಬಾರಿ ಹೋಟೆಲ್‌ಗೂ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ಔಷಧಗಳಿಂದ ಎಷ್ಟೋ ದೇಶಗಳಲ್ಲಿ ತಿಗಣೆ ಹೆಚ್ಚುಕಡಿಮೆ ಕಾಣೆಯಾಗಿತ್ತು. 1990ರ ದಶಕದ ಕೊನೆಯಿಂದ ಮತ್ತೆ ಹೆಚ್ಚಿದೆ. ಪ್ರಯಾಣ ಜಾಸ್ತಿಯಾದದ್ದು ಒಂದು ಕಾರಣ, ಮಾಮೂಲಿ ಕೀಟನಾಶಕಗಳಿಗೆ ಅದು ಒಗ್ಗಿಹೋಗಿರುವುದು ಇನ್ನೊಂದು. ಆದ್ದರಿಂದ ಸ್ಪ್ರೇ ಡಬ್ಬಿ ಕೊಂಡು ಬ್ಯಾಗ್‌ನಲ್ಲಿ ಇಟ್ಟುಕೊಂಡರೆ ಉಪಯೋಗ ಇಲ್ಲ.

ಸಮಾಧಾನದ ಮಾತೂ ಇದೆ. ತಿಗಣೆ ಕಚ್ಚಿ ಯಾವ ರೋಗವೂ ಹರಡಿದ್ದು ಕಂಡುಬಂದಿಲ್ಲ. ತುರಿಕೆ, ನಿದ್ದೆಗೇಡು, ಕೆಲವರಿಗೆ ಅಲರ್ಜಿ, ಅಷ್ಟೇ. ಆದರೆ ಗುರುತು ಏಳಲು ಕೆಲವರಿಗೆ ಹದಿನಾಲ್ಕು ದಿನದವರೆಗೂ ಹಿಡಿಯಬಹುದು. ಹಾಗಾಗಿ ‘ನಿನ್ನೆಯ ಹಾಸ್ಟೆಲ್‌ನಲ್ಲೇ ಕಚ್ಚಿದ್ದು’ ಎಂದು ಖಡಾಖಂಡಿತ ಬರೆದ ದೂರು ಕೆಲವೊಮ್ಮೆ ತಪ್ಪಾಗಿರುತ್ತದೆ. ವರ್ಷದಲ್ಲಿ ಒಂದು ತಿಗಣೆ ದೂರು ಇದ್ದು, ಕೋಣೆ ಮುಚ್ಚಿ ಚಿಕಿತ್ಸೆ ಮಾಡಿಸಿದೆವು ಎಂಬ ಉತ್ತರ ಇದ್ದರೆ ನಾನು ಆ ಹಾಸ್ಟೆಲನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ತಿಂಗಳು ತಿಂಗಳಿಗೂ ದೂರು ಇದ್ದರೆ ಖಂಡಿತ ತೆಗೆಯುತ್ತೇನೆ.

ಹೋದ ಕೂಡಲೇ ಬ್ಯಾಗನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಬಾತ್‌ರೂಮಿನ ಗಟ್ಟಿ ನೆಲದ ಮೇಲೆ ಇಡಿ. ಬೆಡ್‌ಶೀಟಿನ ಮೂಲೆ ಎತ್ತಿ ಮೊಬೈಲ್ ಟಾರ್ಚ್‌ನಲ್ಲಿ ಹಾಸಿಗೆಯ ಹೊಲಿಗೆ, ಮಂಚದ ಪಟ್ಟಿ ಸೇರುವ ಸಂದಿ, ತಲೆಯ ಕಡೆಯ ಹಲಗೆಯ ಹಿಂಭಾಗ ನೋಡಿ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಕಂದು ಬಣ್ಣ, ಚಪ್ಪಟೆ. ಅದು ಕಾಣದಿದ್ದರೂ ಪೆನ್ನಿನ ಮೊನೆ ಒತ್ತಿದಂಥ ಕಪ್ಪು ಚುಕ್ಕೆಗಳು ಸಾಲಾಗಿ ಇದ್ದರೆ ಅವು ಅದರ ಹಿಕ್ಕೆ. ಫೋಟೋ ತೆಗೆದು ರಿಸೆಪ್ಶನ್‌ಗೆ ತೋರಿಸಿ. ಪಕ್ಕದ ಹಾಸಿಗೆ ಕೊಟ್ಟರೆ ಬೇಡ ಅನ್ನಿ, ಬೇರೆ ಕೋಣೆಯೇ ಬೇಕು. ಒಂದು ವೇಳೆ ಬಟ್ಟೆಯಲ್ಲಿ ಬಂದಿದೆ ಎಂಬ ಅನುಮಾನ ಬಂದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಸಿ, ಡ್ರೈಯರ್‌ನಲ್ಲಿ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ಹಾಕಿ. ಬಿಸಿಗೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ಎಷ್ಟೋ ಹಾಸ್ಟೆಲ್‌ಗಳು ಸ್ವಂತ ಸ್ಲೀಪಿಂಗ್ ಬ್ಯಾಗ್ ಬಳಸಬೇಡಿ ಎನ್ನುವುದೂ ಇದಕ್ಕೇ. ಅದನ್ನು ಹೊರುವ ಕಷ್ಟ ನಿಮಗೂ ಬೇಡ.

ಇಷ್ಟೆಲ್ಲ ಹೆದರಿಸಿದ ಮನೆಯವರು ಒಂದು ವಿಷಯ ಬಿಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಅದೇ: ಬೆಂಕಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಚಿಲ್ಡರ್ಸ್ ಎಂಬ ಊರಿನಲ್ಲಿ 2000ನೇ ಇಸವಿಯ ಜೂನ್ 23ರ ನಡುರಾತ್ರಿ ಬ್ಯಾಕ್‌ಪ್ಯಾಕರ್ ಹಾಸ್ಟೆಲೊಂದು ಹೊತ್ತಿ ಉರಿಯಿತು. 15 ಜನ ಸತ್ತರು. ಬೆಂಕಿ ಹಚ್ಚಿದ್ದು ಒಬ್ಬ ವ್ಯಕ್ತಿ. ಆದರೆ ಅಷ್ಟು ಜನ ಸಾಯಲು ಕಟ್ಟಡವೂ ಕಾರಣ. ಹೊಗೆಯ ಅಲಾರಂ ಕೆಲಸ ಮಾಡುತ್ತಿರಲಿಲ್ಲ. ಮೇಲಿನ ಒಂದು ಕೋಣೆಯ ಕಿಟಕಿಗಳಿಗೆ ಸರಳು ಇತ್ತು, ಬಾಗಿಲಿಗೆ ಬಂಕ್ ಹಾಸಿಗೆ ಅಡ್ಡ ಇತ್ತು. ಅದಾದ ಮೇಲೆ ಆ ರಾಜ್ಯ ಕಡಿಮೆ ಬಾಡಿಗೆಯ ವಸತಿಗಳ ಬೆಂಕಿ ನಿಯಮಗಳನ್ನು ಬಿಗಿ ಮಾಡಿತು. ನಿಯಮ ಇದ್ದರೂ ಪ್ರತಿ ರಾತ್ರಿ ಬಂದು ನೋಡುವವರು ಇರುವುದಿಲ್ಲ, ನೀವೇ ನೋಡಬೇಕು.

ನೋಡಲು ಒಂದೆರಡು ನಿಮಿಷ ಸಾಕು. ಡಾರ್ಮ್‌ನ ಸೂರಿನಲ್ಲಿ ಹೊಗೆಯ ಅಲಾರಂ ಇದೆಯಾ? ಕಿಟಕಿ ತೆರೆಯುತ್ತದಾ, ಅದರಲ್ಲಿ ಮನುಷ್ಯರು ದಾಟಬಹುದಾ? ಕೆಳಗಿಳಿಯಲು ಎರಡನೇ ದಾರಿ ಎಲ್ಲಿದೆ? ಮೆಟ್ಟಿಲಿನ ಮೇಲೆ ಸೈಕಲ್, ಹಾಸಿಗೆ, ಡಬ್ಬ ತುಂಬಿದ್ದಾರಾ? ರಾತ್ರಿ ಮುಂಬಾಗಿಲಿಗೆ ಒಳಗಿನಿಂದ ಕೀಲಿ ಹಾಕುತ್ತಾರಾ? ಹಾಕುವುದಾದರೆ, ಒಳಗಿದ್ದವರು ಕೀಲಿ ಇಲ್ಲದೆ ತೆರೆಯಬಹುದಾ? ಈ ಕೊನೆಯ ಎರಡು ಪ್ರಶ್ನೆಗಳನ್ನು ಬುಕ್ ಮಾಡುವ ಮೊದಲೇ ಮೆಸೇಜ್‌ನಲ್ಲಿ ಕೇಳಿ. ಕಳ್ಳರ ಭಯಕ್ಕೆ ಎಲ್ಲವನ್ನೂ ಒಳಗಿನಿಂದ ಬಿಗಿದ ಜಾಗದಲ್ಲಿ, ಎಷ್ಟೇ ಅಗ್ಗವಾಗಿದ್ದರೂ, ದಯವಿಟ್ಟು ಮಲಗಬೇಡಿ.

ಪಾರ್ಟಿ ಹಾಸ್ಟೆಲ್ ಬಗ್ಗೆ ಒಂದು ಮಾತು, ಮುಂದೆ ಎಂದಾದರೂ ಹೋದೀರಿ ಅಂತ. ಅಲ್ಲಿ ಪುಕ್ಕಟೆ ಸಿಗುವ ಮದ್ಯವನ್ನು ಕುಡಿಯಬೇಡಿ. 2024ರ ನವೆಂಬರಿನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯದಿಂದ ಆರು ವಿದೇಶಿ ಪ್ರವಾಸಿಗರು ಸತ್ತರು. ಲೋಟದಲ್ಲಿ ಬೆರೆತ ಮೆಥನಾಲ್ ರುಚಿಯಿಂದಲೋ ವಾಸನೆಯಿಂದಲೋ ಗೊತ್ತಾಗುವುದಿಲ್ಲ. ಲಕ್ಷಣ ಕಾಣಲು ಒಂದು ದಿನವೂ ಹಿಡಿಯಬಹುದು, ಜನ ಅದನ್ನು ಹ್ಯಾಂಗೋವರ್ ಎಂದುಕೊಂಡು ಮಲಗಿಬಿಡುತ್ತಾರೆ. ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆ.

ಇನ್ನು ನಿಮ್ಮ ರಾತ್ರಿ ಹತ್ತೂವರೆಯ ವಿಮಾನ. ವಲಸೆ ತಪಾಸಣೆ, ಬ್ಯಾಗ್, ಬಸ್ಸು ಎಂದು ನೀವು ಬಾಗಿಲು ಮುಟ್ಟುವಾಗ ಹನ್ನೆರಡು ದಾಟಿರುತ್ತದೆ. ಸಣ್ಣ, ಶಾಂತ ಹಾಸ್ಟೆಲ್‌ಗಳ ದೌರ್ಬಲ್ಯ ಇರುವುದೇ ಇಲ್ಲಿ. ಎಷ್ಟೋ ಕಡೆ ರಾತ್ರಿ ರಿಸೆಪ್ಶನ್ ಇರುವುದಿಲ್ಲ, ಬಾಗಿಲಿಗೆ ನಂಬರ್ ಕಳಿಸಿ ‘ನೀವೇ ಬನ್ನಿ’ ಅನ್ನುತ್ತಾರೆ. ಆ ನಂಬರ್ ಕೆಲಸ ಮಾಡದಿದ್ದರೆ ನೀವು ಹೊಸ ಊರಿನ ಬೀದಿಯಲ್ಲಿ ನಿಂತಿರುತ್ತೀರಿ. ಅಲ್ಲದೆ ‘ಊರ ನಡುವಿನಿಂದ 2 ಕಿಲೋಮೀಟರ್’ ಅನ್ನುವುದು ಹೆಚ್ಚಾಗಿ ನಕ್ಷೆಯಲ್ಲಿ ನೇರ ಗೆರೆ ಎಳೆದ ಲೆಕ್ಕ. ನಡುವೆ ನದಿ, ರೈಲು ಹಳಿ ಇದ್ದರೆ ನಡಿಗೆ ದುಪ್ಪಟ್ಟಾಗುತ್ತದೆ. ಮ್ಯಾಪ್‌ನಲ್ಲಿ ನಡೆಯುವ ದಾರಿ ಹಾಕಿ ನೋಡಿ. ನಡುರಾತ್ರಿಯ ನಂತರ ಅಲ್ಲಿಗೆ ಬಸ್ಸು, ಮೆಟ್ರೋ ಇದೆಯಾ, ಇಳಿದ ಮೇಲೆ ಎಷ್ಟು ನಡೆಯಬೇಕು ನೋಡಿ. ಬೀದಿಯ ಫೋಟೋ ಸಿಕ್ಕರೆ ದೀಪದ ಕಂಬ, ಅಂಗಡಿ ಇವೆಯಾ ಅದನ್ನೂ ನೋಡಿ.

ಹಾಗಾಗಿ ಇವತ್ತೇ ಆ ಹಾಸ್ಟೆಲ್‌ಗೆ ಒಂದು ಮೆಸೇಜ್ ಹಾಕಿ: ‘ಇಂಥ ದಿನ ರಾತ್ರಿ ಹನ್ನೆರಡೂವರೆ ಸುಮಾರಿಗೆ ಬರುತ್ತೇನೆ. ಆಗ ರಿಸೆಪ್ಶನ್‌ನಲ್ಲಿ ಯಾರಾದರೂ ಇರುತ್ತಾರಾ? ವಿಮಾನ ತಡವಾದರೆ ಯಾವ ನಂಬರ್‌ಗೆ ಫೋನ್ ಮಾಡಲಿ? ಹಾಸಿಗೆ ಹಿಡಿದಿಡುತ್ತೀರಾ?’ ತಡವಾಗಿ ಬರುವವರನ್ನು ‘ಬರಲಿಲ್ಲ’ ಎಂದು ಬರೆದು ಹಾಸಿಗೆ ಬೇರೆಯವರಿಗೆ ಕೊಡುವುದು ನಡೆಯುತ್ತದೆ, ಅದಕ್ಕೇ ಈ ಕೊನೆಯ ಸಾಲು. ಒಂದು ದಿನದೊಳಗೆ ಸ್ಪಷ್ಟ ಉತ್ತರ ಬಂದರೆ ಬುಕ್ ಮಾಡಿ. ಉತ್ತರವೇ ಬರದಿದ್ದರೆ, ಅಥವಾ ‘ನೋಡೋಣ’ ಎಂದರೆ, ಮೊದಲ ಒಂದು ರಾತ್ರಿ ಮಾತ್ರ ವಿಮಾನ ನಿಲ್ದಾಣದ ಹತ್ತಿರ ಇಡೀ ರಾತ್ರಿ ರಿಸೆಪ್ಶನ್ ಇರುವ ಯಾವುದಾದರೂ ಕಡೆ ಇದ್ದು, ಬೆಳಗ್ಗೆ ಹಾಸ್ಟೆಲ್‌ಗೆ ಹೋಗಿ. ಖರ್ಚು ಜಾಸ್ತಿಯಾಗುತ್ತದೆ ನಿಜ. ಮೊದಲ ರಾತ್ರಿಗೆ ಆ ಖರ್ಚು ಮಾಡಬಹುದು.

ಈ ಎರಡನ್ನು ಬಿಟ್ಟು ಬೇರೆ ದಾರಿಗಳೂ ಇವೆ. ಹಾಸ್ಟೆಲ್‌ನಲ್ಲೇ ಪ್ರೈವೇಟ್ ರೂಮ್ ಸಿಗುತ್ತದೆ. ಮಲಗಲು ನಿಮ್ಮದೇ ಬಾಗಿಲು, ಹಗಲು ಎಲ್ಲರ ಜೊತೆ ಅಡುಗೆಮನೆ, ಹರಟೆ. ಎಚ್ಚರದ ನಿದ್ದೆಯವರಿಗೆ ವಾರಕ್ಕೊಂದೆರಡು ರಾತ್ರಿ ಇದು ಒಳ್ಳೆಯದು. ತೊಂದರೆ ಏನೆಂದರೆ, ಒಮ್ಮೆ ಬಾಗಿಲು ಹಾಕಿಕೊಂಡರೆ ಸಂಕೋಚದವರು ಹೊರಗೆ ಬರುವುದೇ ಇಲ್ಲ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ಶುರುವಾದ ಕ್ಯಾಪ್ಸೂಲ್ ಹೋಟೆಲಿನ ಮಾದರಿಯ, ಒಬ್ಬರು ಮಲಗುವಷ್ಟೇ ದೊಡ್ಡ ಗೂಡಿನಂಥ ಹಾಸಿಗೆಗಳು ಈಗ ಹಾಸ್ಟೆಲ್‌ಗಳಲ್ಲೂ ಬಂದಿವೆ. ಏಕಾಂತ ಇದೆ, ಆದರೆ ಸದ್ದು ತಡೆಯುವುದಿಲ್ಲ, ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಮೂರನೆಯದು ಹಳೆಯ ಯೂತ್ ಹಾಸ್ಟೆಲ್‌ಗಳು. ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮಾನ್ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ತೆರೆದ ಹಾಸ್ಟೆಲ್‌ನಿಂದ ಬೆಳೆದ ಪರಂಪರೆ ಅದು. ಇವತ್ತು ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಎಷ್ಟೋ ದೇಶಗಳಲ್ಲಿ ಇದೆ. ಅಲ್ಲಿ ಶಾಲೆಯ ಮಕ್ಕಳು, ಕುಟುಂಬದವರು, ವಯಸ್ಸಾದವರು ಕೂಡ ಇರುತ್ತಾರೆ. ಸಾಮಾನ್ಯವಾಗಿ ಶಾಂತ, ನಿಯಮ ಸ್ವಲ್ಪ ಬಿಗಿ. ಕೆಲವು ಕಡೆ ಮಧ್ಯಾಹ್ನ ಶುಚಿ ಮಾಡಲು ಎಲ್ಲರನ್ನೂ ಹೊರಗೆ ಕಳಿಸುತ್ತಾರೆ, ಊರಾಚೆ ಇರುವುದೂ ಉಂಟು. ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆ ಎಂದು ನನ್ನ ಅನಿಸಿಕೆ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ತೋರಿಸಿದ ಬಾಡಿಗೆಯ ಮೇಲೆ ಟವೆಲ್, ಬೆಡ್‌ಶೀಟ್, ಬೀಗ, ಕೀಲಿಯ ಠೇವಣಿ, ಪ್ರವಾಸಿ ತೆರಿಗೆ ಸೇರಬಹುದು, ಎಲ್ಲ ಕೂಡಿಸಿ ಹೋಲಿಸಿ. ಉಚಿತ ರದ್ದತಿಯ ಗಡುವು ಹಾಸ್ಟೆಲ್ ಇರುವ ಊರಿನ ಗಡಿಯಾರದ ಪ್ರಕಾರ, ನಿಮ್ಮ ಊರಿನದ್ದಲ್ಲ. ವಯಸ್ಸಿನ ಮಿತಿ, ಯಾವ ಗುರುತಿನ ಚೀಟಿ ಬೇಕು ಅನ್ನುವುದನ್ನೂ ನಿಯಮಗಳಲ್ಲಿ ಓದಿ.

ಮೂರೂ ವಾರದ್ದು ಈಗಲೇ ಬುಕ್ ಮಾಡಬೇಡಿ. ಹಾಸ್ಟೆಲ್‌ನಲ್ಲಿ ಎರಡು ರಾತ್ರಿ ಕಳೆದ ಮೇಲೆ ನಿಮಗೆ ಏನು ಬೇಕು ಅನ್ನುವುದು ಈಗಿಗಿಂತ ಎಷ್ಟೋ ಚೆನ್ನಾಗಿ ಗೊತ್ತಾಗಿರುತ್ತದೆ. ಆರು ಹಾಸಿಗೆ ಸಲೀಸು ಅನ್ನಿಸಬಹುದು, ಅಥವಾ ಇದು ನನಗೆ ಆಗಿಬರುವುದಿಲ್ಲ ಅನ್ನಿಸಬಹುದು. ಅಲ್ಲಿ ಸಿಕ್ಕವರು ಮುಂದಿನ ಊರಿನ ಹಾಸ್ಟೆಲ್ ಬಗ್ಗೆ ಹೇಳುವ ಮಾತು ಯಾವ ಅಂಕಕ್ಕಿಂತಲೂ ಹೊಸದು, ನಂಬಲೂಬಹುದು. ಹಬ್ಬದ ದಿನಗಳು, ದೊಡ್ಡ ರಜೆ, ವಾರದ ಕೊನೆ ಬಂದರೆ ಮಾತ್ರ ಮೊದಲೇ ಹಿಡಿದಿಡಿ, ಅದೂ ರದ್ದು ಮಾಡಲು ಬರುವಂಥದ್ದು. ಆಗ ಹಾಸಿಗೆ ಸಿಗುವುದೇ ಕಷ್ಟ.

ಹೊಸಬರ ಜೊತೆ ಬೆರೆಯುವ ಆಸೆ ಇದೆ ಅಂದಿದ್ದೀರಿ. ಬಾರ್‌ಗಿಂತ ಅಡುಗೆಮನೆ ಒಳ್ಳೆಯದು. ಎಲ್ಲರೂ ಅಡುಗೆ ಮಾಡುವ ಒಲೆಯ ಮುಂದೆ ಸರದಿಗಾಗಿ ಕಾಯುವಾಗ ಮಾತು ತಾನಾಗೇ ಶುರುವಾಗುತ್ತದೆ. ಎಷ್ಟು ಹೊತ್ತಿಗೆ ಬೇಕಾದರೂ ಎದ್ದು ಹೋಗಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೀವು ಆರಿಸುವ ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದೆಯಾ, ಅದರಲ್ಲಿ ದೊಡ್ಡ ಮೇಜು ಇದೆಯಾ ಎಂದು ಫೋಟೋಗಳಲ್ಲಿ ಹುಡುಕಿ. ಹಾಸ್ಟೆಲ್‌ನವರೇ ಊರು ತೋರಿಸುವ ನಡಿಗೆ ಇಟ್ಟಿದ್ದರೆ ಮೊದಲ ಬೆಳಗ್ಗೆಯೇ ಹೋಗಿ.

ಇಷ್ಟೆಲ್ಲ ನೋಡಿ ಹೋದರೂ ಜಾಗ ಸರಿ ಇಲ್ಲ ಅನ್ನಿಸಬಹುದು. ಅದಕ್ಕಾಗಿ ಒಂದು ರಾತ್ರಿಯ ಹೋಟೆಲ್ ಬಾಡಿಗೆಯಷ್ಟು ಹಣ ಬೇರೆ ಎತ್ತಿಡಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಹಾಸಿಗೆ, ಕೋಣೆ ಬದಲಾಯಿಸಿಯೂ ಸರಿ ಹೋಗದಿದ್ದರೆ ಕಟ್ಟಿದ ಬಾಡಿಗೆ ಹೋದರೆ ಹೋಗಲಿ ಎಂದು ಹೊರಟುಬಿಡಿ. ರಾತ್ರಿ ಆಗಿದ್ದರೆ ಒಬ್ಬರೇ ಬೀದಿಗೆ ಇಳಿಯಬೇಡಿ. ರಿಸೆಪ್ಶನ್‌ನಲ್ಲಿ ಕೂತೇ ಬೇರೆ ಕಡೆ ಬುಕ್ ಮಾಡಿ, ಅವರಿಂದಲೇ ಟ್ಯಾಕ್ಸಿ ಕರೆಸಿ, ಗಾಡಿಯ ನಂಬರ್ ಮನೆಗೆ ಕಳಿಸಿ ಹತ್ತಿ.